ಗಣಿತದ ಪಾಠದಿಂದ ಹುಟ್ಟಿದ ಜಂಗಲ್ ಜಿಮ್

ಪಾರ್ಕಿನಲ್ಲಿ ಕಬ್ಬಿಣದ ಕೊಳವೆಗಳನ್ನು ಚೌಕ ಚೌಕವಾಗಿ ಜೋಡಿಸಿದ ಜಂಗಲ್ ಜಿಮ್ ಅನ್ನು ನೀವೆಲ್ಲ ಒಮ್ಮೆಯಾದರೂ ಹತ್ತಿರುತ್ತೀರಿ. ಅದರ ಮೂಲ ಒಂದು ಗಣಿತದ ಪಾಠ ಎಂದರೆ ಚಿಕ್ಕ ಮಕ್ಕಳು ಹತ್ತುವುದನ್ನೇ ಬಿಟ್ಟಾರು! ಆದರೂ ಹೇಳುತ್ತೇನೆ.

ಚಾರ್ಲ್ಸ್ ಹೋವರ್ಡ್ ಹಿಂಟನ್ ಎಂಬ ಇಂಗ್ಲಿಷ್ ಗಣಿತಜ್ಞರು 1890ರ ಆಸುಪಾಸಿನಲ್ಲಿ ಜಪಾನಿನಲ್ಲಿ ಮೇಷ್ಟರಾಗಿದ್ದರು. ಅವರಿಗೆ ನಾಲ್ಕನೆಯ ಆಯಾಮದ ಹುಚ್ಚು. ಉದ್ದ, ಅಗಲ, ಎತ್ತರ ನಮಗೆ ಗೊತ್ತು. ಇವುಗಳ ಆಚೆ ಇನ್ನೊಂದಿದ್ದರೆ ಹೇಗಿರುತ್ತದೆ? ಸಿನಿಮಾಗಳಲ್ಲಿ ಕೇಳುವ ‘ಟೆಸರಾಕ್ಟ್’ ಎಂಬ ಪದವನ್ನು ಕೊಟ್ಟವರು ಇವರೇ. ನಾವು ನೆಲದ ಮೇಲೆ ಓಡಾಡುತ್ತೇವೆ, ಮೇಲೆ ಕೆಳಗೆ ಹೋಗುವುದು ಕಡಿಮೆ. ಹಾಗಾಗಿ ಮೂರನೆಯ ಆಯಾಮವೇ ನಮಗೆ ಸರಿಯಾಗಿ ಅಭ್ಯಾಸವಾಗಿಲ್ಲ, ನಾಲ್ಕನೆಯದು ಹೇಗೆ ತಿಳಿದೀತು ಎಂಬುದು ಅವರ ವಾದ. ಅದಕ್ಕೆ ತಮ್ಮ ಮಕ್ಕಳಿಗಾಗಿ ಬಿದಿರು ಕಟ್ಟಿ ಒಂದು ಚೌಕಟ್ಟು ಮಾಡಿದರು. ಬಿದಿರುಗಳು ಸೇರುವ ಪ್ರತಿ ಗಂಟಿಗೂ ಮೂರು ಸಂಖ್ಯೆ. ತಂದೆ "ಎರಡು, ಮೂರು, ಒಂದು" ಎನ್ನುವ ಹಾಗೆ ಕೂಗಿದರೆ ಆ ಗಂಟನ್ನು ಯಾರು ಮೊದಲು ಹಿಡಿಯುತ್ತಾರೋ ಅವರು ಗೆದ್ದ ಹಾಗೆ. ನಾವು ಪೇಪರ್ ಮೇಲೆ ಬರೆಯುವ ಎಕ್ಸ್, ವೈ, ಜೆಡ್ ಅನ್ನು ಅವರ ಮಕ್ಕಳು ಕೈಯಲ್ಲಿ ಹಿಡಿದು ಕಲಿಯಬೇಕಿತ್ತು. ಮಕ್ಕಳಿಗೆ ಹಿಡಿಸಿದ್ದು ಮಾತ್ರ ಹತ್ತುವುದು ಮತ್ತು ನೇತಾಡುವುದು.

ಆ ಮಕ್ಕಳಲ್ಲಿ ಒಬ್ಬರಾದ ಸೆಬಾಸ್ಟಿಯನ್ ಹಿಂಟನ್ ಮುಂದೆ ನಮ್ಮ ಶಿಕಾಗೋದಲ್ಲಿ ಪೇಟೆಂಟ್ ವಕೀಲರಾದರು. 1920ರಲ್ಲಿ ಒಂದು ಊಟದ ಕೂಟದಲ್ಲಿ ಅವರು ಈ ಬಿದಿರಿನ ಕಥೆ ಹೇಳಿದರಂತೆ. ಅಲ್ಲಿದ್ದ ಕಾರ್ಲ್‌ಟನ್ ವಾಶ್‌ಬರ್ನ್ ವಿನೆಟ್ಕ ಊರಿನ ಶಾಲೆಗಳ ಮುಖ್ಯಸ್ಥರು. ನಮ್ಮ ಮಕ್ಕಳಿಗೂ ಒಂದು ಮಾಡಿಕೊಡಿ ಎಂದರು. ಬಿದಿರಿನ ಜಾಗಕ್ಕೆ ಕೊಳವೆ ಬಂತು, ಗಣಿತ ಹೋಯಿತು. ಹತ್ತುವುದು ನಮ್ಮ ಪೂರ್ವಜರಿಂದ ಬಂದ ಸಹಜ ಗುಣ ಎಂದು ಸೆಬಾಸ್ಟಿಯನ್ ಪೇಟೆಂಟ್‌ನಲ್ಲಿ ಬರೆದರು. ಅದು 1923ರ ಅಕ್ಟೋಬರ್‌ನಲ್ಲಿ ಮಂಜೂರಾಯಿತು. ಅವರು ತೀರಿಕೊಂಡದ್ದೂ ಅದೇ ವರ್ಷ. ಅವರ ಕಾಲದ ಒಂದು ಚೌಕಟ್ಟು ಇವತ್ತಿಗೂ ವಿನೆಟ್ಕದಲ್ಲಿದೆ.

ನನಗೆ ಇಷ್ಟವಾದ ಇನ್ನೊಂದು ವಿಷಯ: ಸೆಬಾಸ್ಟಿಯನ್ ಅವರ ತಾಯಿಯ ತಂದೆ ಜಾರ್ಜ್ ಬೂಲ್, ಕಂಪ್ಯೂಟರ್‌ಗೆ ಆಧಾರವಾದ ಬೂಲಿಯನ್ ತರ್ಕದವರು. ತಾಯಿಯ ತಾಯಿ, ಭಾರತದ ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟ್ ಅವರ ಸೋದರನ ಮಗಳು. ಹತ್ತುವ ಕಥೆಗೆ ಇದಕ್ಕಿಂತ ಒಳ್ಳೆಯ ಮನೆತನ ಸಿಗಲಿಕ್ಕಿಲ್ಲ.

ಆಮೇಲೆ ಊರೂರಲ್ಲಿ ಕಬ್ಬಿಣದ ಚೌಕಟ್ಟುಗಳು ಎದ್ದವು. ಎಷ್ಟೋ ಕಡೆ ಕೆಳಗೆ ಡಾಂಬರು ನೆಲ. ಬಿದ್ದು ಪೆಟ್ಟು ಮಾಡಿಕೊಂಡ ಮಕ್ಕಳು ಹೆಚ್ಚಾದಾಗ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 1981ರಲ್ಲಿ ಆಟದ ಮೈದಾನಗಳಿಗೆ ಒಂದು ಕೈಪಿಡಿ ತಂದಿತು. ಎತ್ತರದ ಹಳೆಯ ಚೌಕಟ್ಟುಗಳು ಒಂದೊಂದಾಗಿ ಮಾಯವಾದವು. ನನ್ನ ಪ್ರಕಾರ ತಪ್ಪು ಎತ್ತರದ್ದಲ್ಲ, ಕೆಳಗಿನ ಗಟ್ಟಿ ನೆಲದ್ದು.

ಈ ಮಾತು ಈಗ ನಮ್ಮ ಮನೆಯಲ್ಲಿ ದಿನಾ ನಡೆಯುತ್ತಿದೆ. ಬೇಸಿಗೆ ರಜೆಯಲ್ಲಿ ಅಪ್ಪ ಮತ್ತು ನಾನು ಹಿತ್ತಲಲ್ಲಿ ತಂಗಿಗಾಗಿ ಮರದ ಚೌಕಟ್ಟು ಕಟ್ಟಬೇಕೆಂದಿದ್ದೇವೆ. ಅಪ್ಪನಿಗೂ ಪುಲ್ ಅಪ್ ಮಾಡಲು ಒಂದು ಕಡ್ಡಿ ಬೇಕು. "ಬಿದ್ದು ಕೈ ಮುರಿದುಕೊಂಡರೆ ಯಾರು ನೋಡಿಕೊಳ್ಳೋರು?" ಎಂದು ಅಮ್ಮ ಕೇಳುತ್ತಾರೆ. ಅದಕ್ಕೇ ನಾನು ಆಯೋಗದ ಕೈಪಿಡಿ ಓದಿದೆ. 7 ಅಡಿ ಎತ್ತರದವರೆಗೆ ಕೆಳಗೆ 9 ಅಂಗುಲ ದಪ್ಪ ಮರದ ಮಲ್ಚ್ ಇರಬೇಕು, ಸುತ್ತ 6 ಅಡಿ ಖಾಲಿ ಜಾಗ ಬೇಕು. ಕಡ್ಡಿಗಳ ನಡುವಿನ ಸಂದು ಮೂರೂವರೆ ಅಂಗುಲಕ್ಕಿಂತ ಕಿರಿದಾಗಿರಬೇಕು, ಇಲ್ಲವೇ 9 ಅಂಗುಲಕ್ಕಿಂತ ಅಗಲವಾಗಿರಬೇಕು. ನಡುವಿನ ಅಳತೆಯಾದರೆ ಮಗುವಿನ ಮೈ ತೂರುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ.

ಮರಕ್ಕೂ ಒಂದು ಇತಿಹಾಸ ಇದೆ. ಗೆದ್ದಲು ಹಿಡಿಯದಂತೆ ಹಿಂದೆ ಮರಕ್ಕೆ ಆರ್ಸೆನಿಕ್ ಇರುವ ರಾಸಾಯನಿಕ ಸೇರಿಸುತ್ತಿದ್ದರು. ಮನೆ ಬಳಕೆಯ ಮರಕ್ಕೆ ಅದನ್ನು ಸೇರಿಸುವುದು 2003ರ ಕೊನೆಗೆ ನಿಂತಿತು. ಹಳೆಯ ಡೆಕ್ ಕಿತ್ತ ಮರ ಪುಕ್ಕಟೆ ಸಿಕ್ಕಿತೆಂದು ತರಬೇಡಿ. ನಾವು ಸೀಡರ್ ಮರ ತರುತ್ತೇವೆ. ಇಲ್ಲಿನ ಚಳಿಗೆ ನೆಲ ಹೆಪ್ಪುಗಟ್ಟಿ ಉಬ್ಬುವುದರಿಂದ ಕಂಬದ ಗುಂಡಿ 42 ಅಂಗುಲ ಆಳ ಹೋಗಬೇಕು. ಅದನ್ನು ತೋಡುವ ಕೆಲಸ ನನ್ನದು.

ಮಲ್ಚ್ ವಿಷಯ ಕೇಳಿದ ಮೇಲೆ ಅಮ್ಮ 5 ಅಡಿಗೆ ಒಪ್ಪಿದ್ದಾರೆ. ಅಪ್ಪ 7 ಕೇಳುತ್ತಿದ್ದಾರೆ.