ಹಳೆಯ ಕಾರಿಗೆ ಹೊಸ ಬೆಳಕು: ಹೆಡ್‌ಲೈಟು ನಡೆದುಬಂದ ದಾರಿ

ಹಳೆಯ ಅಂಬಾಸಡರ್ ಇಟ್ಟುಕೊಂಡವರನ್ನು ಕೇಳಿ ನೋಡಿ. ಎಂಜಿನ್ನಿನ ಬಗ್ಗೆ ಹೆಮ್ಮೆಯಿಂದ ಮಾತಾಡುವವರೂ ಕತ್ತಲಾದ ಮೇಲೆ ಶಿರಾಡಿ ಘಾಟಿ ಇಳಿಯಲು ಹಿಂಜರಿಯುತ್ತಾರೆ. ರಸ್ತೆ ಕಾಣುವುದಿಲ್ಲ ಎಂಬುದೇ ದೂರು. ಅದಕ್ಕೆ ಅಂಗಡಿಯಲ್ಲಿ ಸಿಗುವ ಉತ್ತರವೂ ಸಿದ್ಧವಾಗಿರುತ್ತದೆ: ಇನ್ನೂ ದೊಡ್ಡ ಬಲ್ಬು ಹಾಕಿಸಿ. ಹೆಡ್‌ಲೈಟಿನ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಬಲ್ಬು, ಅದಕ್ಕೆ ತಲುಪುವ ಕರೆಂಟು, ಹಿಂದಿನ ರಿಫ್ಲೆಕ್ಟರ್, ಮುಂದಿನ ಗಾಜು ಇವು ನಾಲ್ಕೂ ಒಟ್ಟಿಗೆ ಸುಧಾರಿಸಿದಾಗಲೆಲ್ಲ ರಸ್ತೆ ಬೆಳಗಿದೆ. ಒಂದನ್ನಷ್ಟೇ ಬದಲಿಸಿದಾಗ ಎದುರಿನವರ ಕಣ್ಣು ಕುಕ್ಕಿದೆ.

ಮೊದಲ ಕಾರುಗಳಲ್ಲಿ ಕಾರ್ಬೈಡ್ ದೀಪಗಳಿದ್ದವು. ಕ್ಯಾಲ್ಸಿಯಂ ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿಸಿ, ಹುಟ್ಟಿದ ಅಸಿಟಲೀನ್ ಅನಿಲವನ್ನು ಉರಿಸುತ್ತಿದ್ದರು. 1912ರ ಕ್ಯಾಡಿಲಾಕ್ ವಿದ್ಯುತ್ ಸ್ಟಾರ್ಟರಿನ ಜೊತೆಗೆ ವಿದ್ಯುತ್ ದೀಪವನ್ನೂ ತಂದಿತು. ಬೆಳಕು ಹೆಚ್ಚಿದಂತೆ ಎದುರಿನವರಿಗೆ ತೊಂದರೆಯೂ ಹೆಚ್ಚಿತು. ಅದಕ್ಕೆ ಪರಿಹಾರವಾಗಿ 1920ರ ದಶಕದ ನಡುವೆ ಓಸ್ರಾಮ್ ಕಂಪನಿಯ ಬೈಲಕ್ಸ್ ಬಲ್ಬು ಬಂತು. ಒಂದೇ ಗಾಜಿನೊಳಗೆ ಡಿಮ್‌ಗೊಂದು, ಬ್ರೈಟ್‌ಗೊಂದು ಫಿಲಮೆಂಟ್. ಡಿಮ್ ಫಿಲಮೆಂಟಿನ ಕೆಳಗೆ ಪುಟ್ಟ ಲೋಹದ ಬಟ್ಟಲು ಇರುತ್ತದೆ. ಅದು ಕೆಳಗೆ ಹೋಗುವ ಬೆಳಕನ್ನು ತಡೆಯುವುದರಿಂದ ರಿಫ್ಲೆಕ್ಟರಿನ ಮೇಲರ್ಧ ಮಾತ್ರ ಕೆಲಸ ಮಾಡಿ ಬೆಳಕನ್ನು ನೆಲಕ್ಕೆ ಬಾಗಿಸುತ್ತದೆ. ಇಂದಿನ ಎಚ್4 ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿದರೆ ಅದೇ ಬಟ್ಟಲು ಕಾಣುತ್ತದೆ.

ಅಮೆರಿಕ 1940ರ ಮಾದರಿಗಳಿಂದ ಏಳಿಂಚು ವ್ಯಾಸದ ದುಂಡು ಸೀಲ್ಡ್ ಬೀಮನ್ನು ಕಡ್ಡಾಯ ಮಾಡಿತು. ಫಿಲಮೆಂಟ್, ರಿಫ್ಲೆಕ್ಟರ್, ಗಾಜು ಎಲ್ಲ ಸೇರಿ ಒಂದೇ ಮುಚ್ಚಿದ ಘಟಕ. ಕೆಟ್ಟರೆ ಇಡಿಯಾಗಿ ಬದಲಿಸಬೇಕು. ದೂಳು, ತೇವ ಒಳಗೆ ಹೋಗದ ಕಾರಣ ರಿಫ್ಲೆಕ್ಟರ್ ಮಂಕಾಗುತ್ತಿರಲಿಲ್ಲ. ನಷ್ಟವೆಂದರೆ, ಆ ದೇಶದ ಕಾನೂನು 1983ರವರೆಗೂ ಸೀಲ್ಡ್ ಬೀಮಿಗೇ ಅಂಟಿಕೊಂಡು ಯುರೋಪಿಗಿಂತ ಹಿಂದೆ ಬಿತ್ತು. ಆದರೆ ಹಳೆಯ ಕಾರುಗಳವರಿಗೆ ಅದರಿಂದ ದೊಡ್ಡ ಉಪಕಾರವಾಯಿತು. ಜೀಪು, ಲ್ಯಾಂಡ್‌ರೋವರ್, ಮಿನಿ, ನಮ್ಮ ಅಂಬಾಸಡರ್, ಬುಲೆಟ್ ಎಲ್ಲಕ್ಕೂ ಏಳಿಂಚಿನ ಅಳತೆಯೇ ಆದ್ದರಿಂದ, ಮುಂದೆ ಬಂದ ಪ್ರತಿ ಹೊಸ ತಂತ್ರವೂ ಬಾಡಿ ಕತ್ತರಿಸದೆ ಒಳಗೆ ಕೂರುವಂತಾಯಿತು.

ಮುಂದಿನ ಜಿಗಿತ ಯುರೋಪಿನದು. 1962ರಲ್ಲಿ ಅಲ್ಲಿ ಕಾರುಗಳಿಗೆ ಹ್ಯಾಲೊಜನ್ ಬಲ್ಬು ಬಂತು. 1971ರಲ್ಲಿ ಎರಡು ಫಿಲಮೆಂಟಿನ ಎಚ್4. ಸಾಮಾನ್ಯ ಬಲ್ಬಿನಲ್ಲಿ ಟಂಗ್‌ಸ್ಟನ್ ಆವಿಯಾಗಿ ಗಾಜಿಗೆ ಕಪ್ಪು ಹಿಡಿಯುತ್ತದೆ. ಹ್ಯಾಲೊಜನ್ ಅನಿಲ ಆ ಆವಿಯನ್ನು ಹಿಡಿದು ಫಿಲಮೆಂಟಿಗೇ ಮರಳಿಸುತ್ತದೆ. ಹಾಗಾಗಿ ಫಿಲಮೆಂಟನ್ನು ಇನ್ನಷ್ಟು ಬಿಸಿಯಾಗಿ, ಬೆಳ್ಳಗೆ ಉರಿಸಬಹುದು. ಹಳೆಯ 45/40 ವ್ಯಾಟಿನ ಬಲ್ಬಿನ ಜಾಗದಲ್ಲಿ 60/55 ವ್ಯಾಟಿನ ಎಚ್4 ಬಂದಾಗ, ವ್ಯಾಟ್ ಏರಿದ್ದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಬೆಳಕು ಏರಿತು. ಎಚ್4 ಗಾಜಿರುವ ಏಳಿಂಚಿನ ಘಟಕ ಹಾಕುವುದೇ ಇಂದಿಗೂ ಹಳೆಯ ಕಾರಿಗೆ ಅತ್ಯಂತ ಭರವಸೆಯ ಸುಧಾರಣೆ ಎಂಬುದು ನನ್ನ ಅಭಿಪ್ರಾಯ.

ಹಾಗಿದ್ದೂ ಎಷ್ಟೋ ಕಾರುಗಳಲ್ಲಿ ಎಚ್4 ಹಾಕಿದ ಮೇಲೂ ಬೆಳಕು ಹಳದಿಯಾಗಿಯೇ ಉಳಿಯುತ್ತದೆ. ಕಾರಣ ವೈರಿಂಗ್. ಹಳೆಯ ಕಾರುಗಳಲ್ಲಿ ಹೆಡ್‌ಲೈಟಿನ ಇಡೀ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚು, ಕಾಲಬಳಿಯ ಡಿಪ್ಪರ್ ಸ್ವಿಚ್ಚು, ದಶಕಗಳ ಹಳೆಯ ಸಣ್ಣ ವೈರು ಎಲ್ಲವನ್ನೂ ದಾಟಿ ಬಲ್ಬಿಗೆ ಬರಬೇಕು. ಎರಡು ಬದಿಯ ಬ್ರೈಟ್ ಸೇರಿದರೆ ಸುಮಾರು 10 ಆಂಪಿಯರ್. ದೀಪ ಹೊತ್ತಿಸಿ, ಮೀಟರನ್ನು ಮೊದಲು ಬ್ಯಾಟರಿಗೆ, ಆಮೇಲೆ ಬಲ್ಬಿನ ಹೋಲ್ಡರಿಗೆ ಹಿಡಿಯಿರಿ. ಅಲ್ಲಿ 12.6 ವೋಲ್ಟ್, ಇಲ್ಲಿ 11.3 ಎಂದು ತೋರಿಸಿದರೆ ಹತ್ತನೇ ಒಂದು ಭಾಗ ದಾರಿಯಲ್ಲೇ ಸೋರಿದೆ. ಫಿಲಮೆಂಟಿನ ಬೆಳಕು ವೋಲ್ಟೇಜಿಗಿಂತ ಬಹಳ ಬೇಗ ಕುಸಿಯುತ್ತದೆ; ವೋಲ್ಟೇಜು ಶೇ. 10 ಇಳಿದರೆ ಬೆಳಕು ಸುಮಾರು ಶೇ. 30 ಇಳಿಯುತ್ತದೆ. ಡಿಮ್‌ಗೊಂದು, ಬ್ರೈಟ್‌ಗೊಂದು ರಿಲೇ ಕೂರಿಸಿ, ಬ್ಯಾಟರಿಯಿಂದ ಫ್ಯೂಸಿನ ಮೂಲಕ ದಪ್ಪ ವೈರು ಎಳೆದು, ಅರ್ಥ್ ಬೋಲ್ಟಿನ ತುಕ್ಕು ಉಜ್ಜಿ ತೆಗೆದರೆ ಹಳೆಯ ಸ್ವಿಚ್ಚಿಗೆ ರಿಲೇಯನ್ನು ಎಳೆಯುವಷ್ಟೇ ಕೆಲಸ ಉಳಿಯುತ್ತದೆ. ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ನಿಗೆ ಇದು ದೊಡ್ಡ ಕೆಲಸವಲ್ಲ, ಖರ್ಚೂ ಅಂಥದ್ದಲ್ಲ. ಈ ಕೆಲಸ ಮಾಡಿಸದೆ 100/90 ವ್ಯಾಟಿನ ಬಲ್ಬು ಹಾಕಿದವರ ಕಾರುಗಳಲ್ಲಿ ಹೋಲ್ಡರ್ ಕರಗಿರುತ್ತದೆ, ಸ್ವಿಚ್ಚು ಸುಟ್ಟಿರುತ್ತದೆ. ರಸ್ತೆಯ ಮೇಲೆ ಆ ಬಲ್ಬಿಗೆ ಒಪ್ಪಿಗೆಯೂ ಇಲ್ಲ. ಆಲ್ಟರ್ನೇಟರ್ ಬರುವ ಮುಂಚಿನ ಡೈನಮೋ ಕಾರಾದರೆ ಇನ್ನೂ ಎಚ್ಚರ ಬೇಕು. ಲೂಕಾಸ್ ಸಿ40 ಡೈನಮೋದ ಶಕ್ತಿ 22 ಆಂಪಿಯರ್ ಮಾತ್ರ, ಅದೂ ಎಂಜಿನ್ ವೇಗವಾಗಿ ತಿರುಗುವಾಗ.

1991ರಲ್ಲಿ ಬಿಎಂಡಬ್ಲ್ಯೂ 7 ಸರಣಿಯೊಂದಿಗೆ ಕ್ಸೆನಾನ್ ಬಂತು. ಹಳೆಯ ಗಾಜಿಗೆ ಅದನ್ನು ತುರುಕಿದ ಪ್ರಯೋಗಗಳು ಕಣ್ಣು ಕುಕ್ಕಿದ್ದೇ ಹೆಚ್ಚು. 2007ರ ಸುಮಾರಿಗೆ ಲೆಕ್ಸಸ್‌ನಂಥ ದುಬಾರಿ ಕಾರುಗಳಲ್ಲಿ ಎಲ್‌ಇಡಿ ಹೆಡ್‌ಲೈಟು ಕಾಣಿಸಿಕೊಂಡು, ಈಗ ಎಲ್ಲೆಡೆ ಹರಡಿದೆ. ಇಲ್ಲಿ ಎರಡು ಬಗೆಯನ್ನು ಬೇರೆ ಮಾಡಿ ನೋಡಬೇಕು. ಎಚ್4 ಗಾಜಿನೊಳಗೆ ಕೂರಿಸುವ ಅಗ್ಗದ ಎಲ್‌ಇಡಿ ಬಲ್ಬು ಒಂದು. ಆ ಗಾಜು, ರಿಫ್ಲೆಕ್ಟರ್ ಎರಡನ್ನೂ ಲೆಕ್ಕ ಹಾಕಿರುವುದು ಕೂದಲೆಳೆಯಂಥ ಫಿಲಮೆಂಟಿಗೆ. ಎಲ್‌ಇಡಿ ಚಿಪ್‌ನ ಅಗಲ, ಜಾಗ ಸ್ವಲ್ಪ ತಪ್ಪಿದರೂ ಬೆಳಕು ಮೇಲಕ್ಕೆ ಚೆದುರುತ್ತದೆ. ಕೂತವರಿಗೆ ಬಾನೆಟ್ಟಿನ ಮುಂದೆ ಬೆಳ್ಳಗೆ ಕಂಡು ಸಮಾಧಾನ. ದೂರದ ತಿರುವು ಮಾತ್ರ ಕತ್ತಲಲ್ಲೇ ಇರುತ್ತದೆ. ಎರಡನೆಯದು ತನ್ನದೇ ಲೆನ್ಸ್ ಇರುವ ಏಳಿಂಚಿನ ಪೂರ್ಣ ಎಲ್‌ಇಡಿ ಘಟಕ. ಒಳ್ಳೆಯ ತಯಾರಿಕೆಯದಾದರೆ ಬೆಳಕು ಚೆನ್ನಾಗಿರುತ್ತದೆ, ಕರೆಂಟೂ ಕಡಿಮೆ ಸಾಕು. ಡೈನಮೋ ಕಾರಿಗೆ ಇದು ನಿಜವಾದ ಅನುಕೂಲ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಅರ್ಥ್ ಇದೆಯೇ ಎಂದು ಮೊದಲು ಪರೀಕ್ಷಿಸಬೇಕು, ಎಲ್‌ಇಡಿಗೆ ಪ್ಲಸ್ ಮೈನಸ್ ಅದಲುಬದಲಾಗಬಾರದು. ಅಂಬಾಸಡರಿನ ಮುಖಕ್ಕೆ ಆ ಬಿಳಿ ಬೆಳಕು ಒಪ್ಪುವುದಿಲ್ಲ ಎನ್ನುವವರ ಜೊತೆ ನಾನಿದ್ದೇನೆ.

ಯಾವುದೇ ಘಟಕ ಕೊಳ್ಳುವಾಗ ಗಾಜಿನ ಮೇಲಿನ ಗುರುತು ನೋಡಿ. ಯುರೋಪಿನ ನಿಯಮದ ಲ್ಯಾಂಪಿನಲ್ಲಿ ಬಾಣವೇ ಇಲ್ಲದಿದ್ದರೆ ಅದು ಬಲಬದಿ ಸಂಚಾರದ ದೇಶಗಳದ್ದು. ಅದರ ಡಿಮ್ ಬೆಳಕು ಬಲಕ್ಕೆ ಏರುತ್ತದೆ, ಅಂದರೆ ನಮ್ಮಲ್ಲಿ ನೇರ ಎದುರಿನ ಚಾಲಕನ ಕಣ್ಣಿಗೆ. ದೀಪದ ಎದುರು ನಿಂತವರ ಬಲಕ್ಕೆ ಬಾಣ ತೋರುವುದು ನಮ್ಮಂಥ ಎಡಬದಿ ಸಂಚಾರಕ್ಕೆ. ಕೂರಿಸಿದ ಮೇಲೆ ಸಮತಟ್ಟು ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ ಡಿಮ್ ಹಾಕಿ. ಬೆಳಕಿನ ಮೇಲಂಚು ದೀಪದ ನಡುಮಟ್ಟಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರುವಂತೆ ಸ್ಕ್ರೂ ತಿರುಗಿಸಿ. ಬಿಚ್ಚಿದ ಹಳೆಯ ಗಾಜು, ರಿಂಗುಗಳನ್ನು ಗುಜರಿಗೆ ಕೊಡಬೇಡಿ. ಅಂಬಾಸಡರ್ ತಯಾರಿಕೆ 2014ರಲ್ಲೇ ನಿಂತಿದೆ, ಅಸಲಿ ಬಿಡಿಭಾಗ ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ.