ವ್ರಣಶೋಧಕ ಕ್ರಿಮಿಯ ಚರಿತೆ

1799ರ ಮೇ ತಿಂಗಳನ್ನು ನಾವು ಮರೆಯುವಂತಿಲ್ಲ. ಆ ತಿಂಗಳ 4ರಂದು ಶ್ರೀರಂಗಪಟ್ಟಣದ ಕೋಟೆ ಶತ್ರುವಶವಾಗಿ ಟಿಪ್ಪು ಸುಲ್ತಾನ ರಣದಲ್ಲಿ ಮಡಿದ. ಅವನಿಗೆ ಕೈರೋದಿಂದ ಮೈತ್ರಿಯ ಪತ್ರ ಬರೆದಿದ್ದ ನೆಪೋಲಿಯನ್ ಬೋನಪಾರ್ಟೆ 20ರಂದು ಏಕರ್ ಕೋಟೆಯ ಮುತ್ತಿಗೆಯನ್ನು ಕೈಬಿಟ್ಟು ಈಜಿಪ್ಟಿಗೆ ಹಿಂದಿರುಗಿದ. ಪೂರ್ವ ದಿಗ್ವಿಜಯದ ಮಹತ್ವಾಕಾಂಕ್ಷೆ ಹೀಗೆ ಭಗ್ನವಾದರೂ ಆ ದಂಡಯಾತ್ರೆಯಿಂದ ಮನುಕುಲಕ್ಕೆ ಒಂದು ಅರಿವು ದಕ್ಕಿತು. ಸೇನೆಯ ಶಸ್ತ್ರವೈದ್ಯ ಡೊಮಿನಿಕ್ ಜೀನ್ ಲಾರೆ ಸಿರಿಯಾದ ಗಾಯಾಳುಗಳ ವ್ರಣಗಳಲ್ಲಿ ನೀಲಿ ನೊಣದ ಹುಳುಗಳನ್ನು ಕಂಡ. ಹುಳು ಬಿದ್ದ ಗಾಯ ಕಂಡು ಸೈನಿಕರು ಭೀತರಾದರು. ಆದರೆ ಅವು ಕೊಳೆತದ್ದನ್ನಷ್ಟೇ ತಿಂದು ಜೀವಂತ ಮಾಂಸವನ್ನು ಬಿಡುತ್ತವೆ, ಅಂಥ ಗಾಯ ಬೇಗನೆ ಮಾಯುತ್ತದೆ ಎಂದು ಲಾರೆ ಅವರಿಗೆ ಅಭಯವಿತ್ತ. ಸುಶ್ರುತನ ವಾರಸುದಾರರಾದ ನಮಗೆ ಇದು ಅಪರಿಚಿತವಲ್ಲ: ಅರ್ಬುದದ ಮೇಲೆ ನೊಣಗಳನ್ನು ಸೆಳೆಯುವ ಲೇಪ ಹಚ್ಚಿ, ಹುಳುಗಳಿಗೆ ಅದನ್ನು ಉಣಬಿಡುವ ವಿಧಾನ ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿದೆ.

ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣ ಪಕ್ಷದ ವೈದ್ಯ ಜಾನ್ ಫೋರ್ನಿ ಝಕರಾಯಸ್ ತಾನೇ ಮುಂದಾಗಿ ಹುಳುಗಳನ್ನು ಗಾಯಕ್ಕೆ ಬಿಟ್ಟ. ಆದರೆ ನಿರ್ಣಾಯಕ ಘಳಿಗೆ ಬಂದುದು 1917ರಲ್ಲಿ, ಫ್ರಾನ್ಸಿನ ರಣಭೂಮಿಯಲ್ಲಿ. ತೊಡೆಯ ಮೂಳೆ ಮುರಿದು, ಹೊಟ್ಟೆ ಸೀಳಿ, ಅನ್ನನೀರಿಲ್ಲದೆ ಏಳು ದಿನ ಬಯಲಲ್ಲೇ ಬಿದ್ದಿದ್ದ ಇಬ್ಬರು ಸೈನಿಕರನ್ನು ವಿಲಿಯಂ ಬೇಯರ್ ಎಂಬ ವೈದ್ಯನ ಬಳಿಗೆ ಹೊತ್ತು ತಂದರು. ಅಂಥ ಗಾಯವಾದವರಲ್ಲಿ ಬದುಕುಳಿಯುತ್ತಿದ್ದವರೇ ವಿರಳ. ಇವರಿಗೋ ಜ್ವರವೇ ಇರಲಿಲ್ಲ. ಬಟ್ಟೆ ಬಿಚ್ಚಿದಾಗ ಸಹಸ್ರಾರು ಹುಳುಗಳು ಗಾಯದಲ್ಲಿ ಮಿಜಿಗುಟ್ಟುತ್ತಿದ್ದವು. ಅವನ್ನು ತೊಳೆದು ತೆಗೆದರೆ ಅಡಿಯಲ್ಲಿ ಕೀವಿಲ್ಲ, ಕೊಳೆತವಿಲ್ಲ. ನಸುಗೆಂಪಾದ ಹೊಸ ಮಾಂಸ ತುಂಬಿ ಬಂದಿತ್ತು. ಆ ದೃಶ್ಯವನ್ನು ಬೇಯರ್ ದಶಕಕಾಲ ಮನದಲ್ಲಿಟ್ಟುಕೊಂಡ. ಬಳಿಕ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ, ಮೂಳೆಯೊಳಗೆ ಕೀವು ಕಟ್ಟಿ ವರ್ಷಗಟ್ಟಲೆ ನರಳುತ್ತಿದ್ದ 21 ರೋಗಿಗಳಿಗೆ ಹುಳುಗಳಿಂದಲೇ ಚಿಕಿತ್ಸೆ ಮಾಡಿ ಗುಣಪಡಿಸಿದ. ಮುಂದೆ ಕೆಲವರಿಗೆ ಧನುರ್ವಾಯು ತಗಲಿದಾಗ ಎದೆಗುಂದದೆ, ನೊಣದ ಮೊಟ್ಟೆಗಳನ್ನೇ ನಿರ್ಜೀವಾಣುಗೊಳಿಸುವ ಕ್ರಮಕ್ಕೆ ತೊಡಗಿದ. 1931ರಲ್ಲಿ ಆತ ತೀರಿಕೊಂಡ.

ಆತನ ಮರಣಾನಂತರವೇ ಆ ಚಿಕಿತ್ಸೆಯ ವೈಭವಕಾಲ ಬಂದದ್ದು ವಿಧಿಯ ವಿಚಿತ್ರ. 1930ರ ದಶಕದಲ್ಲಿ ಅಮೆರಿಕದ 300ಕ್ಕೂ ಹೆಚ್ಚು ಆಸ್ಪತ್ರೆಗಳು ಅದನ್ನು ಕೈಗೊಂಡವು. ಹುಳುವಿನ ಶಕ್ತಿ ಅದರ ಬಾಯಲ್ಲಷ್ಟೇ ಇಲ್ಲ, ಅದು ಒಸರುವ ದ್ರವದಲ್ಲೂ ಇದೆ ಎಂಬ ಶಂಕೆ ಅಲ್ಲಿನ ಕೃಷಿ ಇಲಾಖೆಯ ವಿಲಿಯಂ ರಾಬಿನ್‌ಸನ್‌ಗೆ ಮೂಡಿತು. ಹುಳುಗಳ ವಿಸರ್ಜನೆಯಲ್ಲಿ ಅಲಂಟಾಯಿನ್ ಎಂಬ ದ್ರವ್ಯವಿದೆ, ಅದು ಗಾಯ ಮಾಯಲು ನೆರವಾಗುತ್ತದೆ ಎಂದು 1935ರಲ್ಲಿ ಆತ ಸಾರಿದ. ಅಷ್ಟರಲ್ಲಿ ಪೆನಿಸಿಲಿನ್ ಉದಯಿಸಿತು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಹುಳುಗಳ ರಾಜ್ಯ ಅಳಿದಿತ್ತು.

ಪೆನಿಸಿಲಿನ್ನಿನ ಪ್ರಭುತ್ವವೂ ಅಖಂಡವಾಗಿ ಉಳಿಯಲಿಲ್ಲ. ಔಷಧಕ್ಕೆ ಮಣಿಯದ ರೋಗಾಣುಗಳು ದಂಗೆಯೆದ್ದಾಗ, 1980ರ ದಶಕದ ಅಂತ್ಯದಲ್ಲಿ ಕ್ಯಾಲಿಫೋರ್ನಿಯದ ರೊನಾಲ್ಡ್ ಶೆರ್ಮನ್ ಪದಚ್ಯುತ ಹುಳುವನ್ನು ಮರಳಿ ಕರೆತಂದ. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅದಕ್ಕೆ ಅಧಿಕೃತ ಮಾನ್ಯತೆ ನೀಡಿದರು. ಈಗ ಬಳಸುವ ಹಸಿರು ನೊಣದ ಪುಟ್ಟ ಹುಳುಗಳ ಸ್ರಾವದಲ್ಲಿ ಸತ್ತ ಊತಕವನ್ನು ಕರಗಿಸುವ ಕಿಣ್ವಗಳಿವೆ. ಕರಗಿದ ರಸವನ್ನೇ ಅವು ಹೀರುತ್ತವೆ. ರೋಗಾಣುಗಳು ತಮ್ಮ ಸುತ್ತ ಕಟ್ಟಿಕೊಳ್ಳುವ ಲೋಳೆಯ ಕೋಟೆಯನ್ನೂ ಆ ಸ್ರಾವ ಒಡೆಯುವುದನ್ನು ಪ್ರಯೋಗಾಲಯಗಳು ಕಂಡಿವೆ. 2010ರಲ್ಲಿ ಪ್ರಾಗ್‌ನ ವಿಜ್ಞಾನಿಗಳು ಲೂಸಿಫೆನ್ಸಿನ್ ಎಂಬ ಜೀವಾಣುನಾಶಕ ಪೆಪ್ಟೈಡನ್ನು ಈ ಹುಳುವಿನಿಂದ ಬೇರ್ಪಡಿಸಿದರು. ಆದರೂ ಚರಿತ್ರೆ ಬರೆಯುವವನು ವಿಜಯವನ್ನು ಹಿಗ್ಗಿಸಬಾರದು: 2009ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ಕಾಲಿನ ಹುಣ್ಣಿನ 267 ರೋಗಿಗಳನ್ನು ಪರೀಕ್ಷಿಸಿ, ಹುಳುಗಳು ಗಾಯವನ್ನು ಬೇಗ ಶುಚಿಗೊಳಿಸಿದರೂ ಅದು ಪೂರ್ತಿ ಮಾಯಲು ಹಿಡಿಯುವ ಕಾಲ ಕಡಿಮೆಯಾಗಲಿಲ್ಲ, ನೋವೂ ಹೆಚ್ಚಿತು ಎಂದಿತು. ಸ್ರಾವದ ಸಾರವನ್ನು ಮಾತ್ರ ಬೇರ್ಪಡಿಸಿ ಔಷಧವಾಗಿಸುವ ಯತ್ನ ನಡೆದಿದೆ. ಆಸ್ಪತ್ರೆಗಳಲ್ಲಿ ಇಂದಿಗೂ ಜೀವಂತ ಹುಳುಗಳನ್ನೇ ಸಣ್ಣ ಜಾಲರಿ ಚೀಲದಲ್ಲಿಟ್ಟು, ಕೆಲವು ದಿನ ಗಾಯದ ಮೇಲೆ ಕಟ್ಟುತ್ತಾರೆ.