ಸುಂಕದ ಕಟ್ಟೆಯಲ್ಲಿ ಸೋಂಕಿನ ಸರಕು

'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ' ಎಂಬ ಗಾದೆಯನ್ನು ವಿದ್ಯಾರ್ಥಿ ಮಿತ್ರರೆಲ್ಲ ಕೇಳಿರುತ್ತೀರಿ. ಸರಕು ಏನು, ಬೆಲೆ ಎಷ್ಟು, ಸುಂಕ ಕಟ್ಟಿದ್ದಾಯಿತೆ? ಸುಂಕದವನಿಗೆ ಬೇಕಾದದ್ದು ಇಷ್ಟೆ. ಆದರೆ ಊರಿಗೆ ಊರೇ ಕಾಯಿಲೆ ಬಿದ್ದಾಗ ಸುಂಕದ ಕಟ್ಟೆ ತನ್ನ ನಿಯಮಗಳನ್ನು ಬದಲಿಸಿಕೊಳ್ಳಲೇಬೇಕಾಗುತ್ತದೆ. ಕೆಲವೊಮ್ಮೆ ಬಿಗಿಗೊಳಿಸಬೇಕು, ಕೆಲವೊಮ್ಮೆ ಸಡಿಲಿಸಬೇಕು. ಯಾವುದನ್ನು ಸಡಿಲಿಸುವುದು ಎಂಬಲ್ಲಿ ಎಡವಿದರೆ ಏನಾಗುತ್ತದೆಂದು ಇತಿಹಾಸ ಹೇಳುತ್ತದೆ.

ಮೊದಮೊದಲು ಇದ್ದದ್ದು ಬಿಗಿ ಮಾತ್ರ. ಏಡ್ರಿಯಾಟಿಕ್ ತೀರದ ರಗೂಸಾ, ಅಂದರೆ ಇಂದಿನ ಡುಬ್ರೊವ್‌ನಿಕ್, ಪ್ಲೇಗು ಹಬ್ಬಿದ ಊರುಗಳಿಂದ ಬಂದವರು 30 ದಿನ ಹೊರಗೇ ಇರಬೇಕೆಂದು 1377ರಲ್ಲಿ ಕಟ್ಟಳೆ ಮಾಡಿತು. ಮುಂದೆ ಅದು 40 ದಿನವಾಯಿತು. ಇಟಾಲಿಯನ್ನರ 'ನಲವತ್ತು' ಎಂಬ ಮಾತಿನಿಂದಲೇ ಕ್ವಾರಂಟೈನ್ ಎಂಬ ಪದ ಹುಟ್ಟಿತು. ಹೊರಟ ಬಂದರಿನಲ್ಲಿ ರೋಗವಿಲ್ಲವೆಂದು ಹೇಳುವ ಆರೋಗ್ಯ ಪತ್ರವೂ ಕ್ರಮೇಣ ಬಳಕೆಗೆ ಬಂತು. ಪತ್ರ ಶುದ್ಧವಾಗಿದ್ದರೆ ಕಾಯುವ ದಿನಗಳು ಕಡಿಮೆ, ಸಂಶಯವಿದ್ದರೆ ಹೆಚ್ಚು.

ಫ್ರಾನ್ಸಿನ ಮಾರ್ಸೇಲ್ ಬಂದರಿನ ಕಥೆಯನ್ನು ಪರದೆಯ ಮೇಲೆ ಅರ್ಧ ನಿಮಿಷದಲ್ಲಿ ಮುಗಿಸಬೇಕಾಯಿತು. ಇಲ್ಲಿ ಸ್ವಲ್ಪ ಬಿಡಿಸಿ ಹೇಳಬಹುದು. 1720ರ ಮೇ 25ರಂದು 'ಗ್ರಾಂ ಸೇಂತಾಂತ್ವಾನ್' ಎಂಬ ಹಡಗು ಪೂರ್ವ ಮೆಡಿಟರೇನಿಯನ್ ತೀರದಿಂದ ರೇಷ್ಮೆ, ಹತ್ತಿಯ ಮೂಟೆಗಳನ್ನು ಹೊತ್ತು ಅಲ್ಲಿಗೆ ಬಂತು. ಅದರ ಆರೋಗ್ಯ ಪತ್ರಗಳು ಶುದ್ಧವಾಗಿದ್ದವು. ಆದರೆ ದಾರಿಯಲ್ಲಿ ಒಬ್ಬ ಪ್ರಯಾಣಿಕ, ಹಲವು ನಾವಿಕರು, ಕೊನೆಗೆ ಹಡಗಿನ ವೈದ್ಯನೂ ಸತ್ತಿದ್ದರು. ಇಟಲಿಯ ಲಿವೋರ್ನೋ ಬಂದರು ಹಡಗನ್ನು ಒಳಗೆ ಬಿಟ್ಟಿರಲಿಲ್ಲ. ಇಂಥ ಹಡಗಿನ ಸರಕು ದೂರದ ಜಾರ್ ದ್ವೀಪದಲ್ಲಿ ಇಳಿಯಬೇಕಿತ್ತು, ಮೊದಲ ಆಜ್ಞೆಯೂ ಹಾಗೆಯೇ ಇತ್ತು. ಆದರೆ ಜುಲೈ ತಿಂಗಳಲ್ಲಿ ಬೊಕೇರ್ ಊರಿನ ದೊಡ್ಡ ಜಾತ್ರೆ! ಸರಕು ಅಲ್ಲಿಗೆ ಮುಟ್ಟಬೇಕು. ಸರಕಿನಲ್ಲಿ ನಗರದ ಆಡಳಿತಗಾರರೊಬ್ಬರ ಪಾಲೂ ಇತ್ತು. ಆಜ್ಞೆ ಬದಲಾಯಿತು. ಬೆಲೆಬಾಳುವ ಮೂಟೆಗಳು ನಗರದ ಅಂಚಿನ ಕ್ವಾರಂಟೈನ್ ಉಗ್ರಾಣದಲ್ಲಿಯೇ ಇಳಿದವು. ಅವುಗಳನ್ನು ಬಿಚ್ಚಿ ಗಾಳಿಗೆ ಹರವಿದ ಹಮಾಲಿಗಳು ಜೂನ್‌ನಲ್ಲಿ ಸಾಯತೊಡಗಿದರು. ಆ ಹೊತ್ತಿಗೆ ರೋಗ ಗೋಡೆ ದಾಟಿಯಾಗಿತ್ತು. ಸುಮಾರು 90 ಸಾವಿರ ಜನರಿದ್ದ ನಗರದಲ್ಲಿ ಸುಮಾರು 40 ಸಾವಿರ ಮಂದಿ ತೀರಿಕೊಂಡರು. ಹಡಗನ್ನು ಸೆಪ್ಟೆಂಬರ್‌ನಲ್ಲಿ ಜಾರ್ ದ್ವೀಪದ ಬಳಿ ಸುಟ್ಟುಹಾಕಲಾಯಿತು. ಅದರ ಅವಶೇಷ 1978ರಲ್ಲಿ ಮುಳುಗುಗಾರರಿಗೆ ಸಿಕ್ಕಿತು.

ವಿಜ್ಞಾನ ಓದಿದವನಿಗೆ ಇಲ್ಲೊಂದು ಕುತೂಹಲ. ಪ್ಲೇಗಿನ ರೋಗಾಣುವನ್ನು ಯೆರ್ಸಿನ್ ಹಾಂಗ್‌ಕಾಂಗ್‌ನಲ್ಲಿ ಕಂಡದ್ದು 1894ರಲ್ಲಿ. ಇಲಿಯ ಮೈಮೇಲಿನ ಚಿಗಟ ಅದನ್ನು ಹರಡುತ್ತದೆಂದು ಸಿಮೋಂ ಕರಾಚಿಯಲ್ಲಿ ತೋರಿಸಿಕೊಟ್ಟದ್ದು 1898ರಲ್ಲಿ. ಇದಾವುದೂ ತಿಳಿಯದ ಕಾಲದಲ್ಲಿ ಬಂದರಿನವರು ಕಾಗದಪತ್ರಗಳನ್ನು ಹೊಗೆಗೆ ಹಿಡಿಯುತ್ತಿದ್ದರು, ವಿನಿಗರ್‌ನಲ್ಲಿ ಅದ್ದುತ್ತಿದ್ದರು. ಪಾಪ, ಪ್ಲೇಗಿನ ಮಟ್ಟಿಗೆ ಅದೆಲ್ಲ ವ್ಯರ್ಥ ಶ್ರಮ. ಆದರೆ ಬಟ್ಟೆಯ ಮೂಟೆಯ ಬಗ್ಗೆ ಅವರಿಗಿದ್ದ ಭಯ ಮಾತ್ರ ಸರಿಯಾಗಿಯೇ ಇತ್ತು. ಚಿಗಟಕ್ಕೆ ಅದಕ್ಕಿಂತ ಒಳ್ಳೆಯ ವಾಹನ ಯಾವುದು?

1896ರಲ್ಲಿ ಪ್ಲೇಗು ಮುಂಬಯಿಯಲ್ಲಿ ಕಾಣಿಸಿಕೊಂಡಾಗ ಯೂರೋಪು ಬೆದರಿತು. 1897ರಲ್ಲಿ ವೆನಿಸ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು ಬಳಸಿದ ಬಟ್ಟೆ, ಹಾಸಿಗೆ, ಚಿಂದಿ, ಹಸಿ ಚರ್ಮದಂಥ ವಸ್ತುಗಳನ್ನು ಸಂಶಯದ ಸರಕೆಂದು ಪಟ್ಟಿ ಮಾಡಿತು. ಎಲ್ಲ ಸರಕನ್ನೂ ತಡೆಯುವ ಬದಲು ಅಪಾಯದ ಸರಕನ್ನಷ್ಟೆ ಬೇರ್ಪಡಿಸುವ ಈ ವಿಚಾರ, ನನ್ನ ಅಭಿಪ್ರಾಯದಲ್ಲಿ, 40 ದಿನಗಳ ಕಟ್ಟಳೆಗಿಂತ ದೊಡ್ಡ ಹೆಜ್ಜೆ. ಇತ್ತ 1898ರಲ್ಲಿ ರೋಗ ರೈಲು ಹತ್ತಿ ಬೆಂಗಳೂರಿಗೂ ಬಂತು.

2020ರಲ್ಲಿ ಕೋವಿಡ್ ಬಂದಾಗ ಸಮಸ್ಯೆ ತಿರುಗುಮುರುಗಾಯಿತು. ಜೀವ ಉಳಿಸುವ ಸರಕೇ ಹೊರಗಿನಿಂದ ಬರಬೇಕು, ತಡವಾದಷ್ಟೂ ಸಾವು. ನಮ್ಮ ಕಸ್ಟಮ್ಸ್ ಇಲಾಖೆ ಹಗಲೂ ರಾತ್ರಿ ಸರಕು ಬಿಡುವ ವ್ಯವಸ್ಥೆ ಮಾಡಿತು. ಏಪ್ರಿಲ್ 9ರಂದು ವೆಂಟಿಲೇಟರ್, ಮಾಸ್ಕ್, ಪರೀಕ್ಷಾ ಕಿಟ್ಟುಗಳ ಮೇಲಿನ ಮೂಲ ಸೀಮಾ ಸುಂಕಕ್ಕೆ ಸೆಪ್ಟೆಂಬರ್ 30ರವರೆಗೆ ವಿನಾಯಿತಿ ಸಿಕ್ಕಿತು. ಲಾಕ್‌ಡೌನ್‌ನಲ್ಲಿ ಛಾಪಾ ಕಾಗದ, ನೋಟರಿ ಎಲ್ಲಿಂದ ತರುವುದು? ಬಾಂಡಿನ ಬದಲು ಬರಿಯ ಮುಚ್ಚಳಿಕೆ ಸಾಕು ಎಂದರು. ಏಪ್ರಿಲ್ 15ರಿಂದ ಸರಕು ಬಿಡುಗಡೆಯ ಪತ್ರ ಇ-ಮೇಲ್‌ನಲ್ಲಿ ಬರತೊಡಗಿತು. ಅಂದು ಹೊಗೆ ಹಾಕಿಸಿಕೊಂಡ ಕಾಗದ ಈಗ ಕೈಯಿಂದ ಕೈಗೆ ದಾಟುವುದೇ ತಪ್ಪಿತು ನೋಡಿ! ಮೊದಲೇ ಯೋಜನೆಯಲ್ಲಿದ್ದ 'ಮುಖರಹಿತ' ಮೌಲ್ಯಮಾಪನವನ್ನು ಜೂನ್ 8ರಂದು ಬೆಂಗಳೂರು ಮತ್ತು ಚೆನ್ನೈಗಳಲ್ಲಿ ಆರಂಭಿಸಿದರು. ಬೆಂಗಳೂರಿಗೆ ಬಂದ ಯಂತ್ರದ ದಾಖಲೆಯನ್ನು ಚೆನ್ನೈಯಲ್ಲಿ ಕುಳಿತ ಅಧಿಕಾರಿ ನೋಡಬಹುದಾಯಿತು. ಅಕ್ಟೋಬರ್ ಕೊನೆಯ ಹೊತ್ತಿಗೆ ಇದು ದೇಶಕ್ಕೆಲ್ಲ ಹಬ್ಬಿತು.

ಇಲ್ಲಿ ಸಡಿಲವಾದದ್ದು ಸುಂಕ ಮತ್ತು ಕಾಗದ. ಸರಕಿನ ಗುಣಮಟ್ಟ ನೋಡುವುದು ಬೇರೆಯವರ ಕೆಲಸ. ಆ ಏಪ್ರಿಲ್‌ನಲ್ಲಿ ಚೀನಾದಿಂದ ತುರ್ತಾಗಿ ತರಿಸಿದ ಪ್ರತಿಕಾಯ ಪರೀಕ್ಷಾ ಕಿಟ್ಟುಗಳು ಬೇಗನೆ ರಾಜ್ಯಗಳನ್ನು ತಲುಪಿದವು. ಬಳಸಿ ನೋಡಿದರೆ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಏಪ್ರಿಲ್ 27ರಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಅವುಗಳ ಬಳಕೆಯನ್ನು ನಿಲ್ಲಿಸಿ ಹಿಂದಿರುಗಿಸುವಂತೆ ರಾಜ್ಯಗಳಿಗೆ ಬರೆಯಿತು.